ಉಬ್ಬರ ಬಾರದ ಹೊಳೆ

ಹೋದ ತಿಂಗಳು ಆಫೀಸಿನ ಒಂದು ಲಕೋಟೆ ಕೊಡಲು ಅಬುಧಾಬಿಯಿಂದ ದುಬೈಗೆ ಹೋಗಿದ್ದೆ. ನೈಫ್‌ನ ಓಣಿಗಳಲ್ಲಿ ನಡೆಯುತ್ತಿದ್ದಾಗ ಒಂದು ಲಾಂಡ್ರಿಯ ಬಾಗಿಲಿನಿಂದ ಬಿಸಿ ಹಬೆ ಬಂದು ಮುಖಕ್ಕೆ ಬಡಿಯಿತು. ಕಾದ ಹತ್ತಿ ಬಟ್ಟೆ, ಸೋಪು, ಕಬ್ಬಿಣ ಎಲ್ಲ ಸೇರಿದ ವಾಸನೆ. ನಾನು ಅಲ್ಲೇ ನಿಂತುಬಿಟ್ಟೆ. ಇಸ್ತ್ರಿ ಹಾಕುತ್ತಿದ್ದವನು ತಲೆ ಎತ್ತಿ, "ಹಾಂ ಭಾಯ್, ಕಪಡಾ?" ಎಂದು ಕೇಳಿದ. ನನ್ನ ಕೈಯಲ್ಲಿ ಬಟ್ಟೆ ಇರಲಿಲ್ಲ. "ಮಾಫಿ, ಮಾಫಿ," ಎಂದೆ. ಏನೂ ಇಲ್ಲ ಎಂದು ಹೇಳಿದೆನಾದರೂ ಅಲ್ಲಿಂದ ಕಾಲು ಕೀಳಲು ಸ್ವಲ್ಪ ಹೊತ್ತು ಹಿಡಿಯಿತು.

ಮೂರು ವರ್ಷದ ಹಿಂದೆ, ಅಲ್ಲಿಂದ ಎರಡು ಓಣಿ ಆಚೆ, ಇಂಥದ್ದೇ ಒಂದು ಲಾಂಡ್ರಿಯ ಮೇಲಿನ ಕೋಣೆಯಲ್ಲಿ ನಾನಿದ್ದೆ. ಕಿಟಕಿ ತೆರೆದರೆ ಕೆಳಗಿನ ಹಬೆ ಮೇಲೆ ಬರುತ್ತಿತ್ತು. ಡಿಸೆಂಬರಿನಿಂದ ಏಪ್ರಿಲಿನವರೆಗೆ ಆ ಹಬೆಯಲ್ಲಿ ಕೂತು ಹತ್ತನೇ ತರಗತಿಯ ಸಮಾಜ ವಿಜ್ಞಾನ ಓದಿದೆ. ಆಗ ನನಗೆ ನಲವತ್ತೇಳು. ಓದಿದ್ದರಲ್ಲಿ ಹೆಚ್ಚಿನ ಪಾಲು ಒಂದೇ ಪಾಠ. ಹಬೆಯಿಂದ ಓಡುವ ಹಡಗುಗಳು ನದಿಗೆ ಬಂದ ಮೇಲೆ ದೇಶದ ವ್ಯಾಪಾರ ಹೇಗೆ ಬದಲಾಯಿತು ಎಂಬುದು. ಆ ಪಾಠ ನನ್ನನ್ನು ಒಂದು ಸಲ ಮುಳುಗಿಸಿತ್ತು.

ನನ್ನ ಊರು ಹಂಗಾರಕಟ್ಟೆಯ ಕಡೆ. ಏಳನೇ ತರಗತಿಗೆ ಶಾಲೆ ಬಿಟ್ಟು ಅಪ್ಪನ ಜೊತೆ ಹೆಂಚಿನ ದೋಣಿಗೆ ಹೋದೆ. ಮೂವತ್ತಕ್ಕೆ ದುಬೈಗೆ ಬಂದೆ. ದೇರಾದಲ್ಲಿ ಖೋರ್ ಎನ್ನುವ ನೀರಿನ ದಂಡೆಯಲ್ಲಿ ಮರದ ಹಡಗುಗಳು ಸಾಲಾಗಿ ನಿಲ್ಲುತ್ತವೆ. ಅವಕ್ಕೆ ಇಲ್ಲಿ ಎಲ್ಲರೂ ಲಾಂಚ್ ಎನ್ನುತ್ತಾರೆ. ಇರಾನಿಗೆ, ಸೊಮಾಲಿಯಾಕ್ಕೆ ಹೋಗುವ ಲಾಂಚುಗಳಿಗೆ ಫ್ರಿಜ್ಜು, ಟೈರು, ಬಿಸ್ಕತ್ತಿನ ಪೆಟ್ಟಿಗೆ ತುಂಬುವುದು ನನ್ನ ಕೆಲಸ. ಕೆಲವು ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಫ್ರಿಜ್ಜು ಎತ್ತುವಾಗ ಬೆನ್ನು ಹಿಡಿಯಿತು. ಹಳೆಯ ಮ್ಯಾನೇಜರ್ ಒಳ್ಳೆಯವರು. ಊರಿಗೆ ಕಳಿಸುವ ಬದಲು ಕೈಗೆ ಒಂದು ಪ್ಯಾಡು, ಪೆನ್ನು ಕೊಟ್ಟರು. ಇನ್ನು ಮೇಲೆ ಎತ್ತಬೇಡ, ಎಣಿಸು ಎಂದರು. ಹಾಗೆ ನಾನು ಟ್ಯಾಲಿ ಕ್ಲರ್ಕ್ ಆದೆ. ನಾಲ್ಕು ಪೆಟ್ಟಿಗೆಗೆ ನಾಲ್ಕು ನೆಟ್ಟಗೆ ಗೀಟು, ಐದನೆಯದಕ್ಕೆ ಅಡ್ಡ ಗೀಟು. ಹನ್ನೊಂದು ವರ್ಷ ಗೀಟು ಹಾಕಿದೆ.

ಆಮೇಲೆ ಹೊಸ ಮ್ಯಾನೇಜರ್ ಬಂದರು. ಎಲ್ಲರ ಫೈಲು ತೆಗೆದು ನೋಡಿದರು. ನನ್ನ ವೀಸಾದಲ್ಲಿ ಕ್ಲರ್ಕ್ ಎಂದಿತ್ತು, ಫೈಲಿನಲ್ಲಿ ಒಂದು ಶಾಲೆಯ ಕಾಗದವೂ ಇರಲಿಲ್ಲ. ಅವರು ಗಟ್ಟಿಯಾಗಿ ಏನೂ ಮಾತಾಡಲಿಲ್ಲ. ಇನ್ನೆರಡು ವರ್ಷಕ್ಕೆ ಜುಲೈಯಲ್ಲಿ ವೀಸಾ ಮುಗಿಯುತ್ತದೆ, ಅದರೊಳಗೆ ಹತ್ತನೆಯ ಸರ್ಟಿಫಿಕೇಟ್ ತಂದರೆ ಕ್ಲರ್ಕ್, ಇಲ್ಲದಿದ್ದರೆ ಹೆಲ್ಪರ್ ಎಂದರು. ಹೆಲ್ಪರ್ ಎಂದರೆ ಪುನಃ ಫ್ರಿಜ್ಜು. ನನ್ನ ಬೆನ್ನಿಗೆ ಅದು ಆಗದು ಎಂದು ಅವರಿಗೂ ಗೊತ್ತು, ನನಗೂ ಗೊತ್ತು. ಅಂದರೆ ಊರಿಗೆ. ಊರಿನಲ್ಲಿ ಮಗಳು ಸ್ವಾತಿ ಆಗಷ್ಟೇ ಹೈಸ್ಕೂಲು ಮುಗಿಸುತ್ತಿದ್ದಳು. ಅವಳ ಓದು ನನ್ನ ಆ ಪ್ಯಾಡಿನ ಮೇಲೆ ನಿಂತಿತ್ತು.

ಮುಕ್ತ ಶಾಲೆಗೆ ಹೆಸರು ಕೊಟ್ಟೆ. ಮನೆಯಲ್ಲೇ ಓದಿ ಇಲ್ಲಿಯ ಒಂದು ಇಂಡಿಯನ್ ಸ್ಕೂಲಿನಲ್ಲಿ ಪರೀಕ್ಷೆ ಬರೆಯಬಹುದು. ಬರೆಯುವುದು ಇಂಗ್ಲಿಷಿನಲ್ಲಿ. ನನ್ನ ಇಂಗ್ಲಿಷ್ ಪೆಟ್ಟಿಗೆಗಳ ಮೇಲಿನದ್ದು. ಹ್ಯಾಂಡಲ್ ವಿತ್ ಕೇರ್, ದಿಸ್ ಸೈಡ್ ಅಪ್, ಕೀಪ್ ಡ್ರೈ. ಆದರೂ ನಾಲ್ಕು ವಿಷಯ ಹೇಗೋ ದಾಟಿದೆ. ಸಮಾಜ ವಿಜ್ಞಾನ ಮಾತ್ರ ಒಂದು ಸಲ ಹೋಯಿತು. ಡಿಸೆಂಬರ್ ಕೊನೆಗೆ ಫಲಿತಾಂಶ ಬಂದಾಗ ಎರಡನೇ ಸಲವೂ ಹೋಗಿತ್ತು. ಜುಲೈಗೆ ಮೊದಲು ಉಳಿದದ್ದು ಏಪ್ರಿಲಿನ ಪರೀಕ್ಷೆ ಒಂದೇ.

ಕೋಣೆಯಲ್ಲಿ ನನ್ನ ಕೆಳಗಿನ ಮಂಚ ಹಮೀದನದ್ದು. ಮಂಗಳೂರಿನ ಕಡೆಯ ಬ್ಯಾರಿ, ನೈಫ್‌ನ ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮನ್. ಅವನದ್ದೂ ಹೊಳೆ ಬದಿಯ ಮನೆ.

"ಎಂತ ಶೀನಣ್ಣ, ಪುನಃ ಹೋಯ್ತಾ?" ಎಂದ.

"ಹೋಯ್ತು ಮಾರಾಯ."

"ಅಷ್ಟು ಓದಿದ್ದೀರಿ. ಎಂತ ಬರ್ದದ್ದು ನೀವು? ಹೇಳಿ ನೋಡುವ."

ಪ್ರಶ್ನೆಪತ್ರಿಕೆ ನನ್ನ ದಿಂಬಿನ ಕೆಳಗೇ ಇತ್ತು. ದೊಡ್ಡ ಅಂಕದ ಪ್ರಶ್ನೆ ಹಬೆ ಹಡಗಿನದ್ದು. ನಾನು ಬರೆದದ್ದನ್ನು ಬಾಯಲ್ಲಿ ಹೇಳಿದೆ. ಹಬೆ ಹಡಗು ಬರುವ ಮೊದಲು ದೋಣಿಗಳು ಉಬ್ಬರಕ್ಕೆ ಕಾದು ಹೊಳೆಯಲ್ಲಿ ಮೇಲೆ ಹೋಗುತ್ತಿದ್ದವು. ಇಳಿತಕ್ಕೆ ಕೆಳಗೆ ಬರುತ್ತಿದ್ದವು. ಹಬೆ ಹಡಗು ಬಂದ ಮೇಲೆ ಉಬ್ಬರಕ್ಕೆ ಕಾಯುವುದು ತಪ್ಪಿತು. ಆದ್ದರಿಂದ ವ್ಯಾಪಾರ ಬೇಗ ಬೇಗ ಆಯಿತು. ಇದನ್ನೇ ಎರಡು ಪುಟ ಮಾಡಿದ್ದೆ.

ಹಮೀದ್ ಎದ್ದು ಕೂತ. "ಸರಿ ಉಂಟಲ್ಲ! ಇದ್ರಲ್ಲಿ ಎಂತ ತಪ್ಪು? ನನ್ನಜ್ಜ ಸಾ ನೀರು ಏರ್ಲಿಕ್ಕೆ ಕಾಯ್ತಿದ್ದದ್ದು. ಪೇಪರ್ ನೋಡಿದವ ಘಟ್ಟದ ಮೇಲಿನವ ಇರ್ಬೇಕು ಶೀನಣ್ಣ. ಅವನಿಗೆ ಹೊಳೆ ಎಂತ ಗೊತ್ತುಂಟು!"

ನನಗೂ ಹಾಗೇ ಅನಿಸಿತು. ಅಪ್ಪನ ದೋಣಿ ನನಗೆ ಚೆನ್ನಾಗಿ ನೆನಪಿದೆ. ನಮ್ಮಲ್ಲಿ ಉಬ್ಬರಕ್ಕೆ ಭರತ ಎನ್ನುವುದು. ಭರತ ಬಂದರೆ ಹುಟ್ಟು ಹಾಕುವ ಕೆಲಸವೇ ಇಲ್ಲ, ಸಮುದ್ರವೇ ದೋಣಿಯನ್ನು ತಳ್ಳಿಕೊಂಡು ಹೆಂಚಿನ ಕಾರ್ಖಾನೆಯ ತನಕ ಒಯ್ಯುತ್ತದೆ. ಆವೆಮಣ್ಣು ಇಳಿಸಿ, ಹೆಂಚು ತುಂಬಿ, ಗಂಜಿ ಕುಡಿದು ಮುಗಿಸುವಷ್ಟರಲ್ಲಿ ಇಳಿತ. ಹೊಳೆ ಎಂದರೆ ಹೋಗುವುದು, ಬರುವುದು. ನನಗೆ ತಿಳಿದ ಹೊಳೆ ಅದೊಂದೇ. ಪುಸ್ತಕದಲ್ಲಿ ಬೇರೆ ಏನೋ ಇತ್ತು, ಅದರ ಇಂಗ್ಲಿಷ್ ನನಗೆ ಕಠಿಣ. ಓದುವಾಗ ಅರ್ಥವಾಗದ ಕಡೆಯೆಲ್ಲ ನಮ್ಮೂರಿನ ಹೊಳೆಯನ್ನೇ ಹರಿಸಿಬಿಟ್ಟಿದ್ದೆ.

ಜನವರಿಯಲ್ಲಿ ಹಮೀದನಿಗೆ ಅಬುಧಾಬಿಯ ಖಲೀಫಾ ಸಿಟಿಯಲ್ಲಿ ಒಂದು ಸ್ಕೂಲ್ ಬಸ್ಸಿನ ಡ್ರೈವರ್ ಕೆಲಸ ಸಿಕ್ಕಿತು. ಹೋಗುವ ದಿನ ಅವನ ಕೆಟಲ್ ನನಗೆ ಬಿಟ್ಟ. "ಫೋನ್ ಮಾಡ್ತೇನೆ ಶೀನಣ್ಣ, ಎರಡೇ ಗಂಟೆ ದಾರಿ," ಎಂದ. ಫೋನ್ ಮಾಡುತ್ತಿದ್ದ, ಸುಳ್ಳಲ್ಲ. ಆದರೆ ಕೋಣೆಯಲ್ಲಿ ಕನ್ನಡ ನಿಂತುಹೋಯಿತು. ಆರು ಮಂಚ, ಆರು ಜನ, ಒಬ್ಬೊಬ್ಬರದ್ದು ಒಂದೊಂದು ಪಾಳಿ. ನಾನು ಏಳುವಾಗ ಇಬ್ಬರು ಮಲಗಲು ಬರುತ್ತಿದ್ದರು. ಯಾರನ್ನೂ ಎಬ್ಬಿಸಬಾರದು ಎಂದು ಎಲ್ಲರೂ ಪಿಸುಗುಟ್ಟುತ್ತಿದ್ದೆವು, ಕಡೆಕಡೆಗೆ ಪಿಸುಗುಟ್ಟುವುದೂ ಬಿಟ್ಟೆವು. ಹಮೀದನ ಮಂಚಕ್ಕೆ ಬಂದ ಹೊಸಬನ ಹೆಸರು ನನಗೆ ತಿಳಿದದ್ದು ಮಾರ್ಚಿನಲ್ಲಿ. ದಿನಕ್ಕೆ ಒಂದು ಸಲ, ಸಂಜೆ, ಸ್ವಾತಿಯ ಜೊತೆ ಹತ್ತು ನಿಮಿಷ ಮಾತು. ಅಷ್ಟರಲ್ಲಿ ಆ ದಿನದ ನನ್ನ ಕನ್ನಡ ಮುಗಿಯುತ್ತಿತ್ತು.

ಆ ಜನವರಿಯಲ್ಲಿ ಮಂಜು ಬಹಳ. ಬೆಳಿಗ್ಗೆ ಖೋರಿನ ಆಚೆ ದಂಡೆ ಕಾಣುತ್ತಿರಲಿಲ್ಲ, ಪಕ್ಕದ ಲಾಂಚಿನ ಬಾವುಟವೂ ಕಾಣುತ್ತಿರಲಿಲ್ಲ. ಮಂಜು ಕರಗುವ ತನಕ ಕೆಲಸ ಇಲ್ಲ. ಅಂಥ ಒಂದು ಬೆಳಿಗ್ಗೆ ಗೇಟಿನ ಹತ್ತಿರ ಟೈರಿನ ಮೇಲೆ ಕೂತು ಪುಸ್ತಕ ತೆರೆದಿದ್ದೆ. ಗೇಟಿನ ವಾಚ್‌ಮನ್ ಮೋತಾಲಿಬ್ ಚಾಚಾ. ಬಾಂಗ್ಲಾದವರು, ಅರವತ್ತು ದಾಟಿದವರು, ಒಂದು ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿಗೆ ಇಟ್ಟಿಗೆ ಕೊಟ್ಟು ಕೂರುತ್ತಿದ್ದರು. ಎಷ್ಟೋ ವರ್ಷದಿಂದ ದಿನಾ ಸಲಾಂ ಹೇಳಿಕೊಂಡದ್ದು ಬಿಟ್ಟರೆ ನಮ್ಮೊಳಗೆ ಮಾತೇ ಇರಲಿಲ್ಲ. ಅವರ ಹಿಂದಿ ಅರ್ಧ ಬಂಗಾಳಿ, ನನ್ನದು ಅರ್ಧ ಕನ್ನಡ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

"ಏನು ಓದುತ್ತೀ ಬಾಬು, ದಿನಾ?" ಎಂದು ಕೇಳುತ್ತ ಬಗ್ಗಿದರು. ಪುಟದಲ್ಲಿ ಒಂದು ಚಿತ್ರವಿತ್ತು. ಪಕ್ಕದಲ್ಲಿ ದೊಡ್ಡ ಚಕ್ರ ಇರುವ ಹಡಗು, ಮೇಲೆ ಕೊಳವೆ, ಹೊಗೆ. ಚಾಚಾ ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ಬೆರಳಿನಿಂದ ಆ ಚಕ್ರವನ್ನು ಮುಟ್ಟಿದರು.

"ಇಸ್ಟೀಮರ್!" ಎಂದರು. "ಇದು ನಿನ್ನ ಪುಸ್ತಕಕ್ಕೆ ಹೇಗೆ ಬಂತು? ಇದರಲ್ಲಿ ನನ್ನ ಅಪ್ಪ ಖಲಾಸಿ."

ನನ್ನ ಕಿವಿಗೆ ಬಿದ್ದದ್ದು ಖಲಾಸ್. ನಮ್ಮೂರಿನಲ್ಲೂ ಹಡಗಿನ ಕೆಲಸದವರಿಗೆ ಕಲಾಸಿ ಎನ್ನುತ್ತಾರೆ, ಆದರೆ ಇಷ್ಟು ವರ್ಷ ಗಲ್ಫಿನಲ್ಲಿ ಕಳೆದ ಕಿವಿಗೆ ಖಲಾಸ್ ಎಂದರೆ ಮುಗಿಯಿತು, ಕಥೆಯೇ ಮುಗಿಯಿತು. ಪಾಪ, ಇವರ ಅಪ್ಪ ಹಡಗಿನಲ್ಲಿ ತೀರಿಹೋದರು ಎಂದುಕೊಂಡು ಎದ್ದು ನಿಂತೆ.

"ಅಯ್ಯೋ ಚಾಚಾ. ಮುಳುಗಿತಾ ಹಡಗು?"

"ಮುಳುಗುವುದೇಕೆ?"

"ಮತ್ತೆ ಅಪ್ಪ ಖಲಾಸ್ ಅಂದಿರಲ್ಲ."

ಚಾಚಾ ಒಂದು ಕ್ಷಣ ನನ್ನ ಮುಖ ನೋಡಿದರು. ಆಮೇಲೆ ಕುರ್ಚಿಯ ಇಟ್ಟಿಗೆ ಜಾರುವಷ್ಟು ನಕ್ಕರು. "ಖಲಾಸ್ ಅಲ್ಲ ಬಾಬು, ಖಲಾಸಿ! ಖಲಾಸಿ! ಬಾಯ್ಲರಿಗೆ ಕಲ್ಲಿದ್ದಲು ಹಾಕುತ್ತಿದ್ದ. ಎಂಬತ್ತು ವರ್ಷ ಬದುಕಿದ ನನ್ನ ಅಪ್ಪ! ನೀನು ಒಂದೇ ಮಾತಿನಲ್ಲಿ ಮುಗಿಸಿದೆ!"

ಆ ನಗುವಿನಿಂದ ನಮ್ಮ ಮಾತು ಶುರುವಾಯಿತು. ಮಂಜು ಇದ್ದ ಬೆಳಿಗ್ಗೆಗಳೆಲ್ಲ ಗೇಟಿನ ಬಳಿ ಕೂರತೊಡಗಿದೆ. ಎರಡನೆಯ ದಿನವೋ ಮೂರನೆಯ ದಿನವೋ, ಪರೀಕ್ಷೆಯಲ್ಲಿ ನಾನು ಬರೆದದ್ದನ್ನು ಅವರಿಗೂ ಹೇಳಿದೆ. ಉಬ್ಬರಕ್ಕೆ ಮೇಲೆ, ಇಳಿತಕ್ಕೆ ಕೆಳಗೆ.

ಈ ಸಲ ಚಾಚಾ ನಗಲಿಲ್ಲ. "ನಿಮ್ಮ ಹೊಳೆ ಎಷ್ಟು ಉದ್ದ ಬಾಬು?"

"ಸಮುದ್ರದಿಂದ ಘಟ್ಟದ ಬುಡದ ತನಕ. ದೋಣಿಯಲ್ಲಿ ಒಂದು ದಿನ."

"ಅದಕ್ಕೇ. ನಮ್ಮ ಪದ್ಮಾ ನದಿ ಸಮುದ್ರದಿಂದ ಎಷ್ಟೋ ದಿನದ ದಾರಿ ಒಳಗೆ ಹೋಗುತ್ತದೆ. ಅಷ್ಟು ಒಳಗೆ ಯಾವ ಉಬ್ಬರ ಬರುತ್ತದೆ? ಅಲ್ಲಿ ನೀರು ಒಂದೇ ಕಡೆ ಹೋಗುವುದು. ಕೆಳಗೆ. ಇವತ್ತೂ ಕೆಳಗೆ, ನಾಳೆಯೂ ಕೆಳಗೆ. ನಿನ್ನ ದೋಣಿಯನ್ನು ಮೇಲೆ ಒಯ್ಯಲು ಯಾರೂ ಬರುವುದಿಲ್ಲ."

ನಲವತ್ತೇಳು ವರ್ಷದ ತನಕ, ಹೊಳೆ ಎಂದರೆ ವಾಪಸು ಬರುತ್ತದೆ ಎಂದೇ ತಿಳಿದಿದ್ದೆ. ಬರೀ ಹೋಗುವ ನೀರು ಎಂಬುದು ಇದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ.

"ಮತ್ತೆ ಸ್ಟೀಮರ್ ಇಲ್ಲದಾಗ ಮೇಲೆ ಹೇಗೆ ಹೋಗುವುದು ಚಾಚಾ?"

ಚಾಚಾ ಎದ್ದರು. ದಂಡೆಯ ಕಬ್ಬಿಣದ ಗೂಟಕ್ಕೆ ಸುತ್ತಿದ್ದ ಲಾಂಚಿನ ಹಗ್ಗದ ತುದಿ ತೆಗೆದುಕೊಂಡು ಎಡ ಹೆಗಲಿನ ಮೇಲಿಂದ ಎದೆಗೆ ಹಾಕಿದರು. ಮುಂದಕ್ಕೆ ಬಾಗಿದರು. ಎಷ್ಟು ಬಾಗಿದರೆಂದರೆ ಕೈ ನೆಲಕ್ಕೆ ತಾಗುವಷ್ಟು. ಹಾಗೇ ಒಂದೊಂದೇ ಹೆಜ್ಜೆ ಇಟ್ಟರು. "ಗುಣ್," ಎಂದರು. ಗುಣ್ ಎಂದರೆ ಅವರಲ್ಲಿ ಆ ಹಗ್ಗ. ದೋಣಿಯ ಕಂಬಕ್ಕೆ ಕಟ್ಟಿದ ಉದ್ದ ಹಗ್ಗವನ್ನು ಆರು ಜನ ದಂಡೆಯಲ್ಲಿ ನಡೆಯುತ್ತ ಎಳೆಯಬೇಕು. ದಂಡೆ ಕುಸಿದ ಕಡೆ ಕುತ್ತಿಗೆಯ ತನಕ ನೀರಿಗೆ ಇಳಿಯಬೇಕು. ಕೆಳಗೆ ಬರಲು ನಾಲ್ಕು ದಿನವಾದರೆ ಅದೇ ದೋಣಿ ಮೇಲೆ ಹೋಗಲು ತಿಂಗಳು. ಚಾಚಾನ ಅಜ್ಜನ ಕೆಲಸ ಅದೇ ಆಗಿತ್ತು. ಮಹಾಜನರ, ಅಂದರೆ ಸಾಹುಕಾರರ, ಉಪ್ಪಿನ ದೋಣಿ ಎಳೆಯುವುದು.

"ದಾದಾನ ಎಡ ಹೆಗಲಿನ ಮೇಲೆ ಒಂದು ಹಳ್ಳ ಇತ್ತು," ಎಂದರು ಚಾಚಾ. ಅಜ್ಜನಿಗೆ ಅವರು ದಾದಾ ಎನ್ನುವುದು. "ನಾನು ಚಿಕ್ಕವನಿದ್ದಾಗ ಅದರಲ್ಲಿ ನೀರು ಹಾಕಿ ಆಡುತ್ತಿದ್ದೆ. ನಿಲ್ಲುತ್ತಿತ್ತು ನೀರು."

ಆಮೇಲೆ ಪುಸ್ತಕ ತೆರೆದರೆ ಅಕ್ಷರಗಳು ಬೇರೆಯೇ ಆಗಿ ಕಂಡವು. ಹಬೆ ಹಡಗಿನ ದೊಡ್ಡತನ ಬೇಗ ಹೋಗುವುದರಲ್ಲಿ ಇರಲಿಲ್ಲ. ಮೇಲೆ ಹೋಗುವುದರಲ್ಲಿ ಇತ್ತು. ಅಮೆರಿಕದ ಒಂದು ದೊಡ್ಡ ನದಿಯ ಕಥೆ ಅದರಲ್ಲಿತ್ತು. ಅಲ್ಲಿ ಮೊದಲು ರೈತರು ಹಲಗೆಯ ದೋಣಿ ಮಾಡಿ, ಧಾನ್ಯ ತುಂಬಿ, ನೀರಿನ ಜೊತೆ ಕೆಳಗಿನ ಬಂದರಿಗೆ ಬರುತ್ತಿದ್ದರು. ದೋಣಿ ವಾಪಸು ಹೋಗದು. ಅದನ್ನು ಬಿಚ್ಚಿ ಹಲಗೆಯ ಬೆಲೆಗೆ ಕೊಟ್ಟು, ಕಾಡಿನ ದಾರಿಯಲ್ಲಿ ವಾರಗಟ್ಟಲೆ ನಡೆದು ಮನೆ ಸೇರುತ್ತಿದ್ದರು. ಇದನ್ನು ಚಾಚಾನಿಗೆ ಓದಿ ಹೇಳಿದೆ.

"ಬಂದ ದೋಣಿಯನ್ನೇ ಮಾರಿಬಿಡುವುದೇ?" ಎಂದರು.

"ಹೌದು. ಮತ್ತೆ ನಡೆದುಕೊಂಡು ಹೋಗುವುದು."

"ಹಾಗಾದರೆ ಅವರಿಗೂ ನಮ್ಮ ಹಾಗೆ ಎರಡು ವರ್ಷಕ್ಕೊಮ್ಮೆಯೇ ಊರು," ಎಂದರು ಚಾಚಾ.

ಪುಸ್ತಕ ಹೇಳದ್ದನ್ನು ಅವರು ಹೇಳುತ್ತಿದ್ದರು. ಸ್ಟೀಮರ್ ಬಂದ ಮೇಲೆ ಒಳಗಿನ ಹಳ್ಳಿಗಳಿಗೆ ಉಪ್ಪು, ಸೀಮೆಎಣ್ಣೆ, ತಗಡಿನ ಶೀಟು, ಕೊಡೆ ಎಲ್ಲ ಮೇಲೆ ಹೋಯಿತು. ಸೆಣಬು, ಅಕ್ಕಿ ಕೆಳಗೆ ಬಂತು. ಹಡಗು ಎರಡೂ ಕಡೆ ತುಂಬಿಯೇ ಓಡಿತು. ಆದರೆ ಅದು ಎಲ್ಲ ಕಡೆ ನಿಲ್ಲುತ್ತಿರಲಿಲ್ಲ. ನಿಂತ ಕಡೆ ಪೇಟೆ ಎದ್ದಿತು, ಗೋದಾಮು ಎದ್ದಿತು, ಪೊಲೀಸ್ ಠಾಣೆ ಬಂತು. ನಿಲ್ಲದ ಕಡೆ ಸಂತೆ ಕರಗಿಹೋಯಿತು. ಚಾಚಾನ ಊರಿನ ಸಂತೆ ಹಾಗೇ ನಿಂತುಹೋದದ್ದಂತೆ. ಜನ ಭತ್ತದ ಗದ್ದೆಯಲ್ಲಿ ಸೆಣಬು ಹಾಕಿದರು, ಏಕೆಂದರೆ ಹಡಗಿಗೆ ಬೇಕಾದದ್ದು ಸೆಣಬು. ಅದರ ದರ ಗದ್ದೆಯಲ್ಲಿ ಆಗುತ್ತಿರಲಿಲ್ಲ, ಕಲ್ಕತ್ತದಲ್ಲಿ ಆಗುತ್ತಿತ್ತು, ಅದರಾಚೆ ಸಮುದ್ರ ದಾಟಿದ ಊರಲ್ಲಿ ಆಗುತ್ತಿತ್ತು. "ದರವೂ ಸ್ಟೀಮರಿನಲ್ಲೇ ಬರುತ್ತಿತ್ತು ಬಾಬು. ಒಂದು ವಾರ ನಗುತ್ತ ಇಳಿಯುತ್ತಿತ್ತು, ಒಂದು ವಾರ ಮುಖ ಮುಚ್ಚಿಕೊಂಡು."

"ಹಗ್ಗ ಎಳೆಯುವವರು?"

"ಅವರನ್ನು ಯಾರು ಕೇಳುತ್ತಾರೆ? ಚಿಕ್ಕ ಹೊಳೆಗಳಲ್ಲಿ ಸ್ವಲ್ಪ ಕಾಲ ಇದ್ದರು. ದೊಡ್ಡ ನದಿಯಲ್ಲಿ ಆ ಕೆಲಸವೇ ಹೋಯಿತು. ದಾದಾ ಎಳೆದ, ಅವನ ಮಗ ಅದೇ ಸ್ಟೀಮರಿಗೆ ಕಲ್ಲಿದ್ದಲು ಹಾಕಿದ. ಅಪ್ಪನ ಹಡಗು ನಮ್ಮೂರಿನ ಮುಂದೆ ಹೋಗುವಾಗ ದಾದಾ ದಂಡೆಯಲ್ಲಿ ಅದರ ಜೊತೆ ನಡೆಯುತ್ತಿದ್ದ. ಕೈಯಲ್ಲಿ ಹಗ್ಗ ಇಲ್ಲ, ಏನಿಲ್ಲ. ಸುಮ್ಮನೆ ಬಾಗಿಕೊಂಡು ನಡೆಯುವುದು. ಅಮ್ಮ ಹೋಗಿ ಕೈಹಿಡಿದು ಕರೆತರಬೇಕು."

ಫೆಬ್ರವರಿಯಲ್ಲಿ ಮಂಜು ಹೋಯಿತು, ಗಾಳಿ ಬಂತು. ಕೆಲಸ ಮುಗಿದ ಮೇಲೆ ಖೋರಿನ ಕಲ್ಲಿನ ಮೇಲೆ ಕೂತು ಓದುತ್ತಿದ್ದೆ. ಕತ್ತಲಾಗುವ ತನಕ ಅಬ್ರಾಗಳು, ಜನರನ್ನು ಆಚೆ ದಡಕ್ಕೆ ದಾಟಿಸುವ ದೋಣಿಗಳು, ನನ್ನ ಮುಂದೆ ಹೋಗಿ ಬರುತ್ತಿದ್ದವು. ಖೋರ್ ಹೊಳೆಯಲ್ಲ ಎಂದು ಆಗಲೇ ನನಗೆ ಸರಿಯಾಗಿ ತಿಳಿದದ್ದು. ಅದಕ್ಕೆ ಮೇಲು ಎಂಬುದೇ ಇಲ್ಲ, ಒಳಗೆ ಬಂದ ಸಮುದ್ರ ಅದು. ಬಂದದ್ದು ಹೊರಗೆ ಹೋಗುತ್ತದೆ. ಎಣಿಸುವ ಅಭ್ಯಾಸ ಇತ್ತಲ್ಲ, ಒಂದು ಸಂಜೆ ಪುಸ್ತಕದ ಹಿಂದಿನ ಪುಟದಲ್ಲಿ ನಾನು ಊರಿಗೆ ಹೋಗಿಬಂದ ಸಲಗಳಿಗೆ ಗೀಟು ಹಾಕಿದೆ. ಒಂದು ಅಡ್ಡ ಗೀಟು ಬಿತ್ತು, ಮತ್ತೆ ಮೂರು ನೆಟ್ಟಗೆ. ಆ ಪುಟವನ್ನು ಮಡಚಿಟ್ಟೆ.

ಬರೆಯುವ ಕ್ರಮ ಕಲಿಸಿದ್ದು ಸ್ವಾತಿ. ನಾನು ಹಗ್ಗದ ಕಥೆ, ಹೆಗಲಿನ ಹಳ್ಳದ ಕಥೆ ಎಲ್ಲ ಉತ್ಸಾಹದಿಂದ ಫೋನಿನಲ್ಲಿ ಹೇಳಿದಾಗ ಅವಳು ತಡೆದಳು.

"ಅಪ್ಪ, ಅಪ್ಪ, ವೇಟ್. ಕಥೆ ಬರೀಬೇಡಿ ಮಾರಾಯ್ರೆ. ಪಾಯಿಂಟ್ಸ್ ಹಾಕಿ. ಪ್ರತಿ ಪಾಯಿಂಟಿಗೆ ಅಂಡರ್‌ಲೈನ್."

"ಅದು ನಿಜವಾಗಿ ನಡೆದದ್ದು ಮಗಾ."

"ಇರ್ಲಿ. ಯಾರ್ದೋ ಅಜ್ಜ, ಯಾರ್ದೋ ಹೆಸರು, ಫೀಲಿಂಗ್ಸ್, ಅದೆಲ್ಲ ನೋಡ್ಲಿಕ್ಕೆ ಅವ್ರಿಗೆ ಟೈಮ್ ಇಲ್ಲ. ಪಾಯಿಂಟ್ ಇದ್ರೆ ಮಾರ್ಕ್ಸ್. ಲಾಸ್ಟ್ ಚಾನ್ಸ್ ಅಲ್ವಾ ನಿಮ್ದು? ಪ್ರಾಮಿಸ್ ಮಾಡಿ."

ಪ್ರಾಮಿಸ್ ಮಾಡಿದೆ.

ರಂಜಾನ್ ಶುರುವಾಯಿತು. ಚಾಚಾ ಉಪವಾಸ. ಬಿಸಿಲಿಗೆ ಅವರ ಎದುರು ನೀರು ಕುಡಿಯಲು ನನಗೆ ಮನಸ್ಸು ಬಾರದೆ ಕಂಟೇನರಿನ ಹಿಂದೆ ಹೋಗಿ ಕುಡಿದು ಬರುತ್ತಿದ್ದೆ. ಅವರಿಗೆ ಅದು ಗೊತ್ತಿತ್ತು. "ಕಂಟೇನರಿನ ಹಿಂದೆ ಏನು ಓದಿದೆ ಬಾಬು?" ಎಂದು ಕೇಳುತ್ತಿದ್ದರು.

ಪರೀಕ್ಷೆಯ ದಿನ ಇಸ್ತ್ರಿಯ ಅಂಗಿ ಹಾಕಿಕೊಂಡು ಹೋದೆ. ಸ್ಕೂಲಿನ ಗೇಟಿನಲ್ಲಿ ಒಬ್ಬರು ಮೇಡಂ, "ಪೇರೆಂಟ್ಸ್ ಹೊರಗೆ ಕೂತ್ಕೊಳ್ಳಿ ಪ್ಲೀಸ್," ಎಂದರು ಹಿಂದಿಯಲ್ಲಿ. ನಾನು ಹಾಲ್ ಟಿಕೆಟ್ ತೋರಿಸಿದೆ. ಅವರು ಅದನ್ನೂ ನನ್ನನ್ನೂ ಎರಡೆರಡು ಸಲ ನೋಡಿ, "ಸಾರಿ ಅಂಕಲ್," ಎಂದು ದಾರಿ ಬಿಟ್ಟರು. ಒಳಗೆ ನನ್ನ ಮೊಣಕಾಲು ಡೆಸ್ಕಿಗೆ ತಾಗುತ್ತಿತ್ತು.

ಪ್ರಶ್ನೆಪತ್ರಿಕೆ ಮೂರು ಸಲ ಓದಿದೆ. ಸ್ಟೀಮ್ ಎಂಬ ಪದವೇ ಇಲ್ಲ. ಒಂದು ದೊಡ್ಡ ಪ್ರಶ್ನೆಯಲ್ಲಿ ಇನ್‌ಲ್ಯಾಂಡ್ ಎಂದಿತ್ತು. ನನಗೆ ಗೊತ್ತಿದ್ದ ಇನ್‌ಲ್ಯಾಂಡ್ ಎಂದರೆ ಅಂಚೆಯ ನೀಲಿ ಕಾಗದ. ಊರಿನಲ್ಲಿ ಅಮ್ಮ ನೆಂಟರಿಗೆ ಅದರಲ್ಲೇ ಪತ್ರ ಹಾಕಿಸುತ್ತಿದ್ದಳು. ಅಂಚೆಯ ಪಾಠ ಓದಿಲ್ಲವಲ್ಲ ಎಂದು ಅದನ್ನು ಬಿಟ್ಟು ಮುಂದಿನದಕ್ಕೆ ಹೋದೆ. ಅರ್ಧ ಗಂಟೆಯ ಮೇಲೆ ಇದ್ದಕ್ಕಿದ್ದಂತೆ ನೆನಪಾಯಿತು. ನಮ್ಮ ಲಾಂಚಿನ ಕಾಗದಗಳಲ್ಲಿ, ಬಂದರಿನಿಂದ ಒಳಗಿನ ಊರಿಗೆ ಸಾಮಾನು ಸಾಗಿಸುವ ಕಡೆ, ಇದೇ ಪದ ಇರುತ್ತದೆ. ಇನ್‌ಲ್ಯಾಂಡ್ ಎಂದರೆ ಒಳನಾಡು. ಒಳನಾಡಿನ ಜಲಸಾರಿಗೆಯಿಂದ ವ್ಯಾಪಾರದಲ್ಲಿ ಆದ ಬದಲಾವಣೆಗಳನ್ನು ಬರೆಯಿರಿ. ಅದೇ ಪಾಠ.

ಪಾಯಿಂಟ್ ಹಾಕಿದೆ. ಒಂದು, ಒಳನಾಡಿನ ನದಿ ಒಂದೇ ಕಡೆ ಹರಿಯುತ್ತದೆ, ಮೊದಲು ಸಾಮಾನೂ ಒಂದೇ ಕಡೆ ಹೋಗುತ್ತಿತ್ತು. ಎರಡು, ಹಬೆಯಿಂದ ಹಡಗು ಎರಡೂ ಕಡೆ ತುಂಬಿ ಓಡಿತು, ಸಾಗಣೆ ಅಗ್ಗವಾಯಿತು. ಮೂರು, ನಿಂತ ಕಡೆ ಪೇಟೆ ಬೆಳೆಯಿತು, ನಿಲ್ಲದ ಕಡೆ ಒಣಗಿತು. ನಾಲ್ಕು, ಜನ ಹಡಗಿಗೆ ಬೇಕಾದದ್ದನ್ನು ಬೆಳೆದರು, ದರ ದೂರದಿಂದ ಬಂತು. ಐದು, ಹಗ್ಗ ಎಳೆಯುವವರಿಗೆ ಕೆಲಸ ಹೋಯಿತು. ಐದನೆಯದರ ಕೆಳಗೆ ಸ್ವಲ್ಪ ಜಾಗ ಇತ್ತು. ಪೆನ್ನು ಹಾಗೇ ಹಿಡಿದು ಕೂತೆ. ಒಬ್ಬ ಮನುಷ್ಯ ಹಗ್ಗವಿಲ್ಲದೆ ಹಡಗಿನ ಜೊತೆ ನಡೆಯುತ್ತಿದ್ದ ಎಂದು ಬರೆಯಬೇಕೆನಿಸಿತು. ಪ್ರಾಮಿಸ್ ನೆನಪಾಯಿತು. ಅಂಡರ್‌ಲೈನ್ ಮಾಡಿ ಮುಂದಿನ ಪ್ರಶ್ನೆಗೆ ಹೋದೆ.

ಫಲಿತಾಂಶ ಬಂದದ್ದು ಜೂನಿನಲ್ಲಿ, ಮಧ್ಯಾಹ್ನ ಹೊರಗಿನ ಕೆಲಸ ನಿಲ್ಲಿಸುವ ಹೊತ್ತಿಗೆ. ಫೋನ್ ಮುಟ್ಟಲಾರದಷ್ಟು ಬಿಸಿ. ಬೇಕಾದದ್ದಕ್ಕಿಂತ ಎರಡು ಅಂಕ ಹೆಚ್ಚು ಬಂದಿತ್ತು. ಸ್ವಾತಿಗೆ ಫೋನ್ ಮಾಡಿದೆ. "ಸೂಪರ್ ಅಪ್ಪ! ನಾನ್ ಹೇಳ್ಲಿಲ್ವಾ?" ಎಂದು ಕಿರುಚಿ, ಕ್ಲಾಸ್ ಉಂಟು ಎಂದು ಇಟ್ಟಳು. ಹಮೀದ್ ಬಸ್ಸಿನಲ್ಲಿದ್ದ, ಎತ್ತಲಿಲ್ಲ. ಸುತ್ತ ನೋಡಿದೆ. ಟೈರುಗಳ ನೆರಳಿನಲ್ಲಿ ಜನ ಮಲಗಿದ್ದರು, ಯಾರನ್ನು ಎಬ್ಬಿಸಿ ಹೇಳುವುದು? ಗೇಟಿಗೆ ನಡೆದೆ.

ಚಾಚಾ ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು. "ಶಾಬಾಶ್ ಬಾಬು. ಸ್ಟೀಮರ್ ಬಂತಾ ಪರೀಕ್ಷೆಗೆ?"

"ಬಂತು. ಹಗ್ಗ ಎಳೆಯುವವರ ಬಗ್ಗೆಯೂ ಬರೆದೆ ಚಾಚಾ."

ಅವರ ಮುಖ ಅರಳಿತು. "ನನ್ನ ದಾದಾನ ಹೆಸರು ಬರೆದೆಯಾ?"

"ಹೆಸರು ಬರೆಯುವ ಹಾಗಿಲ್ಲ ಚಾಚಾ. ಪಾಯಿಂಟ್ ಮಾತ್ರ. ಮತ್ತೆ, ನೀವು ಹೆಸರು ಹೇಳಿಯೂ ಇರಲಿಲ್ಲ."

"ಹೇಳಿರಲಿಲ್ಲವಾ?" ಎಂದು ಬಾಯಿ ತೆರೆದರು. ಹೆಸರು ಬರಲಿಲ್ಲ. ಹಣೆ ಉಜ್ಜಿಕೊಂಡರು. ಕಣ್ಣು ಮುಚ್ಚಿದರು. "ದಾದಾ ಅಂತಲೇ ಕರೆದದ್ದು. ಅಪ್ಪನ ಕಾಗದದಲ್ಲಿ ಇತ್ತು. ಆ ಮನೆಯನ್ನು ನದಿ ತೆಗೆದುಕೊಂಡಿತು, ಕಾಗದವೂ ಹೋಯಿತು. ನಿಲ್ಲು, ಬರುತ್ತದೆ. ನಾಲಿಗೆಯ ತುದಿಯಲ್ಲಿ ಇದೆ." ಮರುದಿನ ಕೇಳಿದಾಗಲೂ ಬಂದಿರಲಿಲ್ಲ. ಅದನ್ನು ಅವರು ಬಹಳ ಮನಸ್ಸಿಗೆ ಹಚ್ಚಿಕೊಂಡರು. ಲಾರಿ ಬಂದು ಹಾರ್ನ್ ಹೊಡೆದರೂ ಯೋಚಿಸುತ್ತ ಕೂತಿರುತ್ತಿದ್ದರು. ನಾನು ಪಾಸಾಗಿದ್ದೆ. ಅವರ ಮುಂದೆ ನಿಲ್ಲಲು ಮಾತ್ರ ಒಂಥರಾ ನಾಚಿಕೆ.

ಸರ್ಟಿಫಿಕೇಟಿನ ಕೆಲಸ ಮುಗಿಯಿತು. ವೀಸಾದಲ್ಲಿ ಕ್ಲರ್ಕ್ ಎಂದೇ ಉಳಿಯಿತು. ಮ್ಯಾನೇಜರ್ ಮೊದಲ ಸಲ ನಕ್ಕು, ಈಗ ನೀನು ಓದಿದವನು, ದಂಡೆಯಲ್ಲಿ ಏಕೆ ಬಿಸಿಲಿಗೆ ನಿಲ್ಲುತ್ತೀ, ಅಬುಧಾಬಿ ಆಫೀಸಿನಲ್ಲಿ ಕಾಗದ ನೋಡಲು ಒಬ್ಬರು ಬೇಕು ಎಂದರು. ನಾಲ್ಕು ದಿನದಲ್ಲಿ ಹೊರಡಬೇಕಾಯಿತು. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಹನ್ನೆರಡನೇ ಮಹಡಿ. ಎಸಿ, ಗಾಜು, ಕಂಪ್ಯೂಟರು. ಲಾಂಚುಗಳು ಪರದೆಯ ಮೇಲೆ ಹೆಸರಾಗಿ ಬರುತ್ತವೆ, ಹೆಸರಾಗಿ ಹೋಗುತ್ತವೆ. ಬೆನ್ನು ನೋಯುವುದಿಲ್ಲ. ಆಫೀಸಿನಲ್ಲಿ ಇಡೀ ದಿನ ಯಾರೂ ಬಾಬು ಎನ್ನುವುದಿಲ್ಲ, ಶೀನಣ್ಣ ಎನ್ನುವುದಿಲ್ಲ.

ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ವಾಯ್ಸ್ ಮೆಸೇಜ್ ಬಂತು. ಹಿಂದೆ ಎಂಜಿನ್ನಿನ ಸದ್ದು, ಕೋಳಿಯ ಸದ್ದು. ಚಾಚಾನನ್ನು ವಯಸ್ಸಾಯಿತೆಂದು ಕೆಲಸದಿಂದ ಬಿಡಿಸಿದ್ದರು, ಊರು ಸೇರಿದ್ದರು. ಅಕ್ಕನ ಮನೆಗೆ ಹೋಗಿ ಕೇಳಿದರಂತೆ. "ಬಾಬು, ಹೆಸರು ಸಿಕ್ಕಿತು. ಅಕ್ಕನಿಗೆ ನೆನಪಿತ್ತು," ಎಂದು ಹೆಸರು ಹೇಳಿದರು. ನಿಧಾನಕ್ಕೆ, ಎರಡು ಸಲ, ನಾನು ಬರೆದುಕೊಳ್ಳಲಿ ಎಂದು ನಡುವೆ ಬಿಡುವು ಕೊಟ್ಟು ಹೇಳಿದರು. ಕಡೆಗೆ, "ಬರೆದೆಯಾ?"

ನನ್ನ ಮೇಜಿನ ಮೇಲೆ ಆಗ ಸಹಿಗೆ ಹೋಗಬೇಕಾದ ಕಾಗದಗಳ ರಾಶಿ ಇತ್ತು. ಒಳಗಿಂದ ಕರೆಯುತ್ತಿದ್ದರು. ಪರೀಕ್ಷೆ ಮುಗಿದಿತ್ತು, ಆ ಹೆಸರನ್ನು ಬರೆಯುವ ಕಾಗದ ಯಾವುದೂ ನನ್ನ ಬಳಿ ಇರಲಿಲ್ಲ. "ಬರೆದೆ ಚಾಚಾ," ಎಂದು ಉತ್ತರ ಕಳಿಸಿದೆ.

ಆಮೇಲೆ ಈದ್‌ಗೆ ಕಳಿಸಿದ ಶುಭಾಶಯಕ್ಕೆ ಒಂದೇ ಟಿಕ್ ಬಂತು, ಅವರಿಗೆ ತಲುಪಲಿಲ್ಲ. ಮುಂದಿನ ಈದ್‌ಗೂ ಒಂದೇ ಟಿಕ್. ಹೋದ ತಿಂಗಳು ಲಕೋಟೆ ಕೊಟ್ಟ ಮೇಲೆ ದಂಡೆಗೂ ಹೋಗಿದ್ದೆ. ಗೇಟಿಗೆ ತಾನಾಗಿ ಏಳುವ ಕಂಬಿ ಹಾಕಿದ್ದಾರೆ. ಕಾರ್ಡ್ ಇಲ್ಲದ್ದರಿಂದ ಅದು ನನಗೆ ಏಳಲಿಲ್ಲ. ಆಚೆ ಯಾರೋ ಹೊಸಬ ಟ್ಯಾಬ್ ಹಿಡಿದು ಪೆಟ್ಟಿಗೆ ಎಣಿಸುತ್ತಿದ್ದ.

ಬರೆದೆ ಎಂದು ಚಾಚಾನಿಗೆ ಹೇಳಿದ್ದು ಸುಳ್ಳು. ಬರೆದಿರಲಿಲ್ಲ. ಈಗ ಆ ಮೆಸೇಜ್ ಪುನಃ ಕೇಳಿ ಬರೆಯುತ್ತಿದ್ದೇನೆ. ಅವರ ದಾದಾನ ಹೆಸರು ಕೋರ್ಬಾನ್ ಮಾಝಿ. ಪದ್ಮಾ ನದಿಯಲ್ಲಿ ಉಪ್ಪಿನ ದೋಣಿಗಳನ್ನು ಎಡ ಹೆಗಲಿನಿಂದ ಮೇಲಕ್ಕೆ ಎಳೆಯುತ್ತಿದ್ದರು.